ಮುದ್ದುರಾಜನ ಮನೆಯಾಟ

ನನ್ನ ಗಂಡ ಮುದ್ದುರಾಜ ನಮ್ಮೂರಿಗೆ ಮೊದಲ ಸಲ ಬಂದಿಳಿದಾಗ ಅವನ ಬೆನ್ನ ಮೇಲೆ ಒಂದು ದೊಡ್ಡ ಚೀಲವಿತ್ತು, ಬಾಯಲ್ಲಿ ಒಂದೇ ಮಾತಿತ್ತು: "ಯಾವ ಫಾರ್ಮ್ಯಾಟ್ ಬೇಕಾದ್ರೂ ಕೊಡಿ, ಓಡಿಸುತ್ತೆ." ಚೀಲದ ತುಂಬ ವಿಡಿಯೋ ಪ್ಲೇಯರುಗಳು, ಅಂಗೈಯಗಲದ ಕಪ್ಪು ಪೆಟ್ಟಿಗೆಗಳು. ಒಂದನ್ನು ಟಿವಿಗೆ ಸಿಕ್ಕಿಸಿ ಮನೆಯ ವೈಫೈಗೆ ಸೇರಿಸಿಬಿಟ್ಟರೆ ಸಾಕು, ಫೋನಿನಲ್ಲಿರುವ, ಕಂಪ್ಯೂಟರಿನಲ್ಲಿರುವ, ಮಹಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಡಿಸ್ಕಿನಲ್ಲಿರುವ ವಿಡಿಯೋಗಳೆಲ್ಲ ನಡುಮನೆಯಲ್ಲಿ ಕುಳಿತಲ್ಲೇ ಕಾಣುತ್ತವೆ ಎಂದು ಅವನು ಬೀದಿ ಬೀದಿ ಹೇಳಿಕೊಂಡು ತಿರುಗಿದ. ಬೇರೆ ಊರುಗಳಲ್ಲಿ ಕಾಣುತ್ತಿದ್ದವೋ ಏನೋ. ನಮ್ಮೂರಿನಲ್ಲಿ ಅವನು ಸಿಕ್ಕಿಸಿದ ಪೆಟ್ಟಿಗೆಗಳೆಲ್ಲ ಒಂದೇ ಉತ್ತರ ಕೊಟ್ಟವು: 'ಕ್ಷಮಿಸಿ, ಈ ವಿಡಿಯೋ ಈ ಮನೆಯಲ್ಲಿ ಓಡುವುದಿಲ್ಲ.'

ಹೇಗೆ ಓಡಬೇಕು? ಆ ವಿಡಿಯೋಗಳಲ್ಲಿ ಆ ಮನೆಯವರು ಯಾರೂ ಇರಲಿಲ್ಲವಲ್ಲ. ನಮ್ಮೂರಿನ ಪೆಟ್ಟಿಗೆಗಳೇ ಹಾಗೆ. ಸಿನಿಮಾ ಇರಲಿ, ವಾರ್ತೆ ಇರಲಿ, ಒಬ್ಬಟ್ಟು ಮಾಡುವ ವಿಧಾನ ಇರಲಿ, ಮನೆಯವರೊಬ್ಬರು ಅದರೊಳಗೆ ಎಲ್ಲಾದರೂ ಇದ್ದರೆ ಓಡುತ್ತದೆ, ಇಲ್ಲದಿದ್ದರೆ ಕ್ಷಮಿಸಿ ಎನ್ನುತ್ತದೆ. ಹೊಸ ಪೆಟ್ಟಿಗೆ ತಂದರೂ ಅಷ್ಟೇ. ನಮ್ಮೂರಿನ ಗೋಡೆಗೆ ಅದರ ತಂತಿ ತಾಗಿದ ಕೂಡಲೇ ಅದಕ್ಕೂ ಮನೆಯವರು ಯಾರು, ಹೊರಗಿನವರು ಯಾರು ಎನ್ನುವುದು ತಿಳಿದುಬಿಡುತ್ತದೆ.

ಹಾಗಾಗಿಯೇ ನಮ್ಮಂಥವರ ಹೊಟ್ಟೆ ತುಂಬುತ್ತಿದೆ. ನಮ್ಮದು ಒಗ್ಗಿಸುವ ಅಂಗಡಿ. ಮನೆಯ ಮುಂದಿನ ಕೋಣೆಯಲ್ಲೇ ಒಂದು ಹಸಿರು ಬಟ್ಟೆ ತೂಗುಹಾಕಿ, ಅದರ ಮುಂದೆ ಜನರನ್ನು ಕೂರಿಸಿ ಚಿತ್ರ ತೆಗೆದು, ಅವರು ತಂದ ಸಿನಿಮಾದೊಳಕ್ಕೆ ಸೇರಿಸಿ ಕೊಡುತ್ತೇನೆ. ಯಾವ ಮೂಲೆಯಲ್ಲಿ, ಏನು ಮಾಡುತ್ತಾ ಎನ್ನುವುದು ಅವರವರ ಇಷ್ಟ. ತರಕಾರಿ ಬೀದಿಯ ಅಜ್ಜಿಯೊಬ್ಬಳು ಊರಿಗೆ ಬಂದ ಭೂತದ ಸಿನಿಮಾಗಳಲ್ಲೆಲ್ಲ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಾಳೆ. ಭೂತ ಗೋಡೆಯಿಂದ ಇಳಿದು ಬಂದರೂ ಅವಳು ತಲೆ ಎತ್ತುವುದಿಲ್ಲ, ಮಕ್ಕಳಿಗೂ ಹೆದರಿಕೆಯಾಗುವುದಿಲ್ಲ. ಇನ್ನೊಂದು ಮನೆಯ ತಾತ ವಾರ್ತೆ ಓದುವವಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ದಿನಾ ತೂಕಡಿಸುತ್ತಾನೆ. ಪ್ರೇಮದ ದೃಶ್ಯ ಬಂದಾಗ ಮೂಲೆಯಲ್ಲಿರುವ ಅತ್ತೆ ಮುಖ ಆ ಕಡೆ ತಿರುಗಿಸಿಕೊಳ್ಳಲಿ ಎಂದು ಹೊಸ ಸೊಸೆಯರು ಬಂದು ನನ್ನ ಕಿವಿಯಲ್ಲಿ ಹೇಳಿ ಹೋಗುತ್ತಾರೆ. ಕೋಟೆಬೀದಿಯ ಒಂದು ಮನೆಯಲ್ಲಿ ಬೆಕ್ಕನ್ನು ಸೇರಿಸಿದ ಸಿನಿಮಾ ಓಡುತ್ತದೆ, ಹಿರಿಮಗನನ್ನು ಸೇರಿಸಿದ್ದು ಓಡುವುದಿಲ್ಲ. ಆ ವಿಷಯ ಅವರ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ. ಸಿನಿಮಾ ಒಗ್ಗಿಸಲು ಬಂದಾಗ ಅವರು ಬೆಕ್ಕನ್ನು ಬುಟ್ಟಿಯಲ್ಲಿ ತರುತ್ತಾರೆ.

ಮುದ್ದುರಾಜ ಹೋದಲ್ಲೆಲ್ಲ ನಗೆಪಾಟಲಾಗಿ ಕೊನೆಗೆ ನಮ್ಮ ಅಂಗಡಿಗೆ ಬಂದು ಚೀಲ ಇಳಿಸಿದ. ಎಂಪಿಫೋರ್ ಅಂದ, ಎವಿಐ ಅಂದ, ಹೊಸ ಸಾಫ್ಟ್‌ವೇರ್ ಹಾಕಿದರೆ ಸರಿಹೋಗುತ್ತದೆ ಅಂದ. ನಾನು ಕಾಫಿ ಕೊಟ್ಟೆ. ಅಮ್ಮ ಒಳಗಿನಿಂದಲೇ, "ಪಾಪ, ಯಾರಾದ್ರೂ ಹೇಳ್ರೇ ಅವನಿಗೆ," ಎಂದಳು. ಹೇಳಿದೆ. ನಂಬಲಿಲ್ಲ. ನಮ್ಮ ನಡುಮನೆಯ ಟಿವಿಯಲ್ಲಿ ಅವನ ಕಂಪನಿಯ ಜಾಹೀರಾತು ಹಾಕಿಸಿದೆ, ಕ್ಷಮಿಸಿ ಎಂದಿತು. ಅದೇ ಜಾಹೀರಾತಿನ ಮೂಲೆಯಲ್ಲಿ ಅಮ್ಮ ರಾಗಿ ಕೇರುತ್ತಿರುವುದನ್ನು ಸೇರಿಸಿ ಹಾಕಿದೆ, ಸಲೀಸಾಗಿ ಓಡಿತು. ಅವನು ಬಾಯಿ ತೆರೆದುಕೊಂಡು ನೋಡಿದ. ನೋಡಿದ್ದು ಟಿವಿಯನ್ನೋ ನನ್ನನ್ನೋ ಎನ್ನುವುದು ಆಮೇಲೆ ಗೊತ್ತಾಯಿತು. ಚೀಲ ಕಂಪನಿಗೆ ವಾಪಸ್ಸಾಯಿತು, ಹುಡುಗ ನಮ್ಮಲ್ಲೇ ಉಳಿದ. ಗಂಡನನ್ನು ಅವನು ಇವನು ಎನ್ನುತ್ತೀಯಲ್ಲ ಎಂದು ಅಮ್ಮ ಈಗಲೂ ಬೈಯುತ್ತಾಳೆ. ನನ್ನ ಗಂಡ, ನನ್ನ ಬಾಯಿ.

ನಮ್ಮಮ್ಮ ಹೊಂಬಾಳಮ್ಮನ ಹೆಸರು ಹೇಳಿದರೆ ಬೀದಿಯಲ್ಲಿ ನಾಯಿಗಳೂ ಬದಿಗೆ ಸರಿಯುತ್ತವೆ. ಮದುವೆಗೆ ಅವಳು ಬೇಡ ಎನ್ನಲಿಲ್ಲ. ಆದರೆ, "ಮನೆಯಾಟ ಆಗ್ಲೇಬೇಕು, ನಮ್ಮಳಿಯ ಅಂತ ರಿಯಾಯ್ತಿ ಗಿಯಾಯ್ತಿ ಇಲ್ಲ," ಎಂದು ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿದಳು. ಮನೆಯಾಟವೆಂದರೆ ಇಷ್ಟೇ. ಸೊಸೆಯಾಗಲಿ, ಮನೆಯಳಿಯನಾಗಲಿ, ಸಾಕುಮಗುವಾಗಲಿ, ಹೊಸದಾಗಿ ಮನೆ ಸೇರಿದವರು ತಾವೊಬ್ಬರೇ ಇರುವ ಒಂದು ವಿಡಿಯೋ ಮಾಡಬೇಕು. ಬೀದಿಯವರನ್ನೆಲ್ಲ ಕರೆದು ನಡುಮನೆಯಲ್ಲಿ ಹಾಕಬೇಕು. ಓಡಿದರೆ ಅವರು ಮನೆಯವರು. ಓಡದಿದ್ದರೆ ಮುಂದಿನ ವರ್ಷ ಇನ್ನೊಂದು ಸಲ. ಆಗಲೂ ಓಡದಿದ್ದರೆ ಗಂಡ ಹೆಂಡತಿ ಬೇರೆ ಮನೆ ಮಾಡಬೇಕು. ಅದೇನೂ ಅವಮಾನವಲ್ಲ ಎಂದು ಎಲ್ಲರೂ ಹೇಳುತ್ತಾರೆ. ಎಲ್ಲರೂ ಹೇಳಬೇಕಾಗಿ ಬರುವುದೇ ಅವಮಾನ.

ಮೊದಲ ಮನೆಯಾಟಕ್ಕೆ ಮುದ್ದುರಾಜ ರೇಷ್ಮೆ ಅಂಗಿ ತೊಟ್ಟು, ಕ್ಯಾಮೆರಾದ ಮುಂದೆ ಕೈಮುಗಿದು ನಿಂತು, ಅಮ್ಮನ ಅಡುಗೆಯಿಂದ ಹಿಡಿದು ನಮ್ಮ ಬಾವಿಯ ನೀರಿನವರೆಗೆ ಎಲ್ಲಕ್ಕೂ ಧನ್ಯವಾದ ಹೇಳಿದ. ಬೀದಿಯವರು ಚಾಪೆಯ ಮೇಲೆ ಕೂತು ನೋಡಿದರು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ಆಮೇಲೆ ಕ್ಷಮಿಸಿ ಬಂತು. ಕೂಡಲೇ ಎಲ್ಲರೂ ಒಟ್ಟಿಗೆ, "ಕರೆಂಟು ಸರಿ ಇಲ್ಲ," ಎಂದರು. ಹಾಗೆನ್ನುವುದು ನಮ್ಮೂರಿನ ಮರ್ಯಾದೆ. ಹಾಗೆಂದು ಚಿರೋಟಿ ತಿಂದು ಮನೆಗೆ ಹೋಗುತ್ತಾರೆ. ಹೊರಗಿನಿಂದ ಬಂದ ನನ್ನ ಗಂಡನಿಗೆ ಅದು ಗೊತ್ತಿಲ್ಲ. ಜನ ಚಿರೋಟಿ ಮುರಿಯುತ್ತಿದ್ದರೆ ಅವನು ಮೀಟರ್ ತಂದು ಪ್ಲಗ್ಗಿಗೆ ಚುಚ್ಚಿ, "ಕರೆಂಟು ಸರಿಯಾಗೇ ಇದೆಯಲ್ಲ!" ಎಂದುಬಿಟ್ಟ. ಎಲ್ಲರೂ ಚಾಪೆ ನೋಡಿಕೊಂಡು ಕೂತರು. ಎದುರುಮನೆಯ ದಾಕ್ಷಾಯಣಮ್ಮ ಎದ್ದುಬಂದು ಅವನ ಬೆನ್ನು ತಟ್ಟಿ, "ಇಲ್ಲಪ್ಪಾ, ಸರಿ ಇಲ್ಲ," ಎಂದಳು. ಆಗ ಅವನಿಗೆ ಅರ್ಥವಾಯಿತು. ಮೀಟರನ್ನು ಜೇಬಿಗೆ ಹಾಕಿಕೊಂಡ.

ಆಮೇಲೆ ಶುರುವಾಯಿತು ನೋಡಿ ಅವನ ತಪಸ್ಸು. ಅದೇ ವಿಡಿಯೋವನ್ನು ತನಗೆ ಗೊತ್ತಿದ್ದ ಫಾರ್ಮ್ಯಾಟುಗಳಿಗೆಲ್ಲ ಬದಲಿಸಿದ. ಚಿಕ್ಕದು ಮಾಡಿದ, ದೊಡ್ಡದು ಮಾಡಿದ, ಧ್ವನಿ ತೆಗೆದ, ಕೆಳಗೆ ಅಕ್ಷರ ಹಾಕಿದ. ನಡುಮನೆಯ ಟಿವಿ ಒಪ್ಪಲಿಲ್ಲವೆಂದು ಅಡುಗೆಮನೆಯ ಪುಟ್ಟ ಟಿವಿಗೆ ಕಳಿಸಿ ನೋಡಿದ. ಒಂದೇ ನೆಟ್‌ವರ್ಕಿನ ಎರಡು ಬಾಯಿ, ಉತ್ತರ ಬೇರೆಯಾಗುತ್ತದೆಯೇ? "ಎಲ್ಲಾ ಓಡ್ಸುತ್ತೆ ಅಂತ ಬಂದ ಪ್ಲೇಯರ್ ಹುಡ್ಗ ತಾನೇ ಓಡ್ಲಿಲ್ವಲ್ಲೇ," ಎಂದು ಅಮ್ಮ ಒಗ್ಗರಣೆ ಹಾಕುತ್ತಾ ಹೇಳಿದಳು. ಅದಕ್ಕೂ ಅವನು ನಕ್ಕ. ಉಪ್ಪು ಹೆಚ್ಚಾದ ಸಾರನ್ನು ಚೆನ್ನಾಗಿದೆ ಎಂದು ಎರಡನೇ ಸಲ ಹಾಕಿಸಿಕೊಂಡ. ಊಟವಾದ ಮೇಲೆ ತಟ್ಟೆ ತೊಳೆದಿಟ್ಟು, ಕೂತ ಚಾಪೆ ಸುತ್ತಿಟ್ಟು, ತಾನು ಅಲ್ಲಿದ್ದ ಗುರುತೇ ಉಳಿಯದ ಹಾಗೆ ಮಾಡಿ ಏಳುತ್ತಿದ್ದ. ನನಗೆ ರೇಗುತ್ತಿತ್ತು.

ಒಂದು ದಿನ ಕೇಳಿಯೇಬಿಟ್ಟೆ. "ಸಾರು ಉಪ್ಪಾಗಿದ್ರೆ ಉಪ್ಪಾಗಿದೆ ಅನ್ನೋಕೇನು ರೋಗ ನಿಂಗೆ?"

ಚಿಕ್ಕವನಿದ್ದಾಗಿನಿಂದ ಚಿಕ್ಕಮ್ಮ ದೊಡ್ಡಮ್ಮಂದಿರ ಮನೆಗಳಲ್ಲಿ ಸರದಿಯ ಮೇಲೆ ಬೆಳೆದವನು ಅವನು. "ವನಮಾಲಾ, ಬಟ್ಟೆ ಇಟ್ಕೊಳ್ಳೋಕೆ ನಂಗೆ ಎಲ್ಲಾ ಮನೇಲೂ ಜಾಗ ಕೊಟ್ರು. ಕೋಪ ಮಾಡ್ಕೊಳ್ಳೋಕೆ ಯಾರ ಮನೇಲೂ ಜಾಗ ಇರ್ಲಿಲ್ಲ," ಎಂದ. "ಈ ಮನೆ ಬಿಟ್ಟು ಹೋಗೋಕೆ ನಂಗಿಷ್ಟ ಇಲ್ಲ ಕಣೆ. ನಿಮ್ಮಮ್ಮ ಬೈತಾರಲ್ಲ, ಅದೂ ಇಷ್ಟಾನೇ. ನಂಗೆ ಇಲ್ಲಿಯವನಾಗಬೇಕು." ಅವತ್ತಿನಿಂದ ಎರಡನೇ ಮನೆಯಾಟದ ಹೆದರಿಕೆ ಅವನಿಗಿಂತ ನನಗೇ ಹೆಚ್ಚಾಯಿತು.

ವರ್ಷ ತಿರುಗಿತು. ಈ ಸಲ ರೇಷ್ಮೆ ಅಂಗಿ ಬೇಡ, ಭಾಷಣವೂ ಬೇಡ, ಸುಮ್ಮನೆ ಏನಾದರೂ ಕೆಲಸ ಮಾಡು ಎಂದೆ. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಮನೆಯ ಹಳೇ ಕೊಡೆ ರಿಪೇರಿ ಮಾಡಿದ. ಫೋನನ್ನು ನೀರಿನ ಡ್ರಮ್ಮಿಗೆ ಒರಗಿಸಿ ತಾನೇ ಚಿತ್ರ ತೆಗೆದುಕೊಂಡ. ಮನೆಯಾಟದ ಚಿತ್ರ ತೆಗೆಯುವಾಗ ಇನ್ನೊಬ್ಬರ ನೆರಳೂ ಬೀಳಬಾರದೆಂಬ ನಿಯಮ ಇರುವುದರಿಂದ ನಾನು ಅಂಗಡಿಯಲ್ಲೇ ಕೂತಿದ್ದೆ. ಕೊಡೆಯ ಮುರಿದ ಕಡ್ಡಿಗೆ ತಂತಿ ಸುತ್ತಿ, ಹರಿದ ಬಟ್ಟೆಗೆ ಹೊಲಿಗೆ ಹಾಕಿ, ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ ತೋರಿಸಿದ್ದ. ಅಷ್ಟೇ ವಿಡಿಯೋ. ಬೀದಿಯವರು ಬಂದು ಕೂತರು. ಅಮ್ಮ ಕಂಬಕ್ಕೆ ಒರಗಿ, ಎಲ್ಲಿಗೋ ಹೊರಟವಳ ಹಾಗೆ ನಿಂತಿದ್ದಳು. ಚಕ್ರ ತಿರುಗಿತು. ನಾನು ಕಣ್ಣು ಮುಚ್ಚಿಕೊಂಡೆ. ಕೊಡೆ ಟಪ್ಪೆಂದು ಬಿಚ್ಚಿದ ಸದ್ದು ಟಿವಿಯಿಂದ ಕೇಳಿಸಿತು.

ಓಡಿತ್ತು! ಜನ ಚಪ್ಪಾಳೆ ತಟ್ಟಿದರು, ಚಿರೋಟಿಯನ್ನು ಈ ಸಲ ಕೇಳಿ ಕೇಳಿ ಹಾಕಿಸಿಕೊಂಡರು. ಮುದ್ದುರಾಜ ಅತ್ತುಬಿಟ್ಟ. "ಅಳೋಕೇನಾಗಿದೆ, ಮಜ್ಜಿಗೆ ಬಡಿಸು ನಡಿ," ಎಂದು ಅಮ್ಮ ಗದರಿದಳು.

ಆಮೇಲಿನ ನಾಲ್ಕೈದು ತಿಂಗಳು ನಮ್ಮ ಮನೆಯಲ್ಲಿ ನಡೆದ ಜಗಳಗಳನ್ನು ಹೇಳಲು ಹೊರಟರೆ ಬೇರೆಯೇ ಕಥೆಯಾಗುತ್ತದೆ. ಸಾರು ಉಪ್ಪು ಎಂದ. ಹಾಸಿಗೆಯಲ್ಲಿ ತಿಗಣೆ ಎಂದ. ಗಾಳಿ ಬರುವ ಕಿಟಕಿಯ ಪಕ್ಕದ ಕುರ್ಚಿಯನ್ನು ತನ್ನದು ಮಾಡಿಕೊಂಡ, ಅಮ್ಮ ಎಬ್ಬಿಸಿದರೆ ಅವಳೆದ್ದ ಕೂಡಲೇ ಮತ್ತೆ ಹೋಗಿ ಕೂತ. ಟಿವಿಯ ಧ್ವನಿ ಏರಿಸುವುದು ಇಳಿಸುವುದು ಅವರಿಬ್ಬರ ನಡುವೆ ದಿನಾ ಸಂಜೆಯ ಕುಸ್ತಿ. ನೆಂಟರು ಬಂದಾಗ ಮಾವಿನ ಮಿಡಿಯ ಜಾಡಿಯನ್ನು ಮಂಚದ ಕೆಳಗೆ ಬಚ್ಚಿಟ್ಟು, "ಮುಗಿದೋಯ್ತು," ಎಂದು ಮುಖ ಸಪ್ಪೆ ಮಾಡಿಕೊಂಡು ಹೇಳಿದ. ಅಮ್ಮ ನೆಂಟರ ಮುಂದೆ ಅದಕ್ಕೆ ಹೂಂಗುಟ್ಟಿದಳು. ಅವನ ಮೈಬಣ್ಣವೇ ಬದಲಾಗಿತ್ತು. ಬೆಳಿಗ್ಗೆ ಎದ್ದವನು ಚಾಪೆಯನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದ. ನಾನು ಬೈಯುತ್ತಲೇ ಸುತ್ತಿಡುತ್ತಿದ್ದೆ, ಬೈಯುತ್ತಲೇ ಸಂತೋಷಪಡುತ್ತಿದ್ದೆ.

ಹೀಗಿರುವಾಗ ದಾಕ್ಷಾಯಣಮ್ಮನ ಕೊಡೆ ಮುರಿಯಿತು. ಮನೆಯಾಟದಲ್ಲಿ ಮುದ್ದುರಾಜ ಕೊಡೆ ಸರಿಮಾಡಿದ್ದು ಅವಳಿಗೆ ನೆನಪಾಯಿತು. ಅದನ್ನು ತನ್ನ ಮನೆಯ ಟಿವಿಯಲ್ಲಿ ಹಾಕಿಕೊಂಡು, ನೋಡಿ ನೋಡಿ ತಾನೂ ಸರಿಮಾಡಬಹುದೆಂದು ನಮ್ಮ ಅಂಗಡಿಗೆ ಬಂದಳು. ಅವಳ ಮನೆಯಲ್ಲಿ ಓಡಬೇಕೆಂದರೆ ಅದರೊಳಗೆ ಅವಳನ್ನು ಸೇರಿಸಬೇಕಲ್ಲ. ಹಸಿರು ಬಟ್ಟೆಯ ಮುಂದೆ ಕೂರಿಸಿ ಚಿತ್ರ ತೆಗೆದೆ. ಮುದ್ದುರಾಜನೇ ಕಂಪ್ಯೂಟರಿನ ಮುಂದೆ ಕೂತು, "ಎಲ್ಲಿ ಕೂರ್ತೀರಾ ಹೇಳಿ," ಎಂದ. ಅವಳು ಕನ್ನಡಕ ಏರಿಸಿ, ಪರದೆಗೆ ಮೂಗು ತಾಗಿಸಿ, ಕೆಳಗೆ ಎಡಗಡೆಯ ಮೂಲೆಯ ಮೇಲೆ ಬೆರಳಿಟ್ಟಳು.

"ಇಲ್ಲಿ ಕೂರ್ತೀನಿ, ಬಾಗಿಲ ಹತ್ರ. ಅಯ್ಯೋ, ಇಲ್ಲಿ ಯಾರೋ ಇದ್ದಾರಲ್ಲಪ್ಪ!"

ನಾವಿಬ್ಬರೂ ಬಗ್ಗಿ ನೋಡಿದೆವು. ಹಿತ್ತಲ ಬಾಗಿಲ ಹೊಸ್ತಿಲಿನ ಮೇಲೆ, ಚಿತ್ರದ ಅಂಚಿಗೆ, ಒಂದು ಕಾಲಿನ ಹೆಬ್ಬೆರಳು ಇತ್ತು. ಉಗುರು ಕಪ್ಪು, ಬೆರಳು ಒಂದು ಕಡೆಗೆ ಸೊಟ್ಟ. ರುಬ್ಬುಗುಂಡು ಬಿದ್ದು ಸೊಟ್ಟಗಾದ ಆ ಬೆರಳು ಇಡೀ ಬೀದಿಗೆ ಪರಿಚಯ. "ಹೊಂಬಾಳಮ್ಮನ ಹೆಬ್ಬೆರಳು ಕಣಮ್ಮ ಇದು!" ಎಂದು ದಾಕ್ಷಾಯಣಮ್ಮ ಕೂಗಿದಳು. ಕೆಟ್ಟವಳಲ್ಲ ಅವಳು, ಆದರೆ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಅವಳ ಕೂಗಿಗೆ ಆಚೆಮನೆಯವರು ಬಂದರು, ಅವರ ಹಿಂದೆ ಈಚೆಮನೆಯವರು ಬಂದರು. ಎಲ್ಲರೂ ಬೆರಳು ನೋಡಿದರು. ಎಲ್ಲರಿಗೂ ವಿಷಯ ತಿಳಿಯಿತು. ಅವತ್ತು ನಮ್ಮ ನಡುಮನೆಯಲ್ಲಿ ಓಡಿದ್ದು ಮುದ್ದುರಾಜನಲ್ಲ, ಅಮ್ಮನ ಹೆಬ್ಬೆರಳು.

ಮುದ್ದುರಾಜ ಎದ್ದು ನಿಂತ. "ಹಾಗಾದ್ರೆ ನಾನು ಓಡೇ ಇಲ್ಲ," ಎಂದ.

ಗಲಾಟೆ ಕೇಳಿ ಅಮ್ಮ ಬಂದಳು. ಬಂದವಳು ಪರದೆ ನೋಡಿದಳು, ಜನರನ್ನು ನೋಡಿದಳು, ಸೊಂಟದ ಮೇಲೆ ಕೈಯಿಟ್ಟಳು. "ಹೌದು, ನನ್ ಕಾಲೇ. ಬಾಗಿಲ ಹಿಂದೆ ನಿಂತ್ಕೊಂಡು ನಾನೇ ಇಟ್ಟೆ. ನನ್ ಮನೆ, ನನ್ ಹೊಸ್ತಿಲು, ನನ್ ಕಾಲು. ಎಲ್ ಬೇಕಾದ್ರೂ ಇಡ್ತೀನಿ. ಯಾರಿಗೇನಾಗ್ಬೇಕು?"

"ನಿಯಮ ಅಂತ ಒಂದಿದೆಯಲ್ಲ ಹೊಂಬಾಳಮ್ಮ," ಎಂದರು ಯಾರೋ.

"ನಿಯಮ ನಂಗೊತ್ತು. ಎರಡನೇ ಸಲಾನೂ ಓಡದೇ ಇದ್ದಿದ್ರೆ ಇವರಿಬ್ರನ್ನ ಬೇರೆ ಕಳಿಸ್ಬೇಕಾಗಿತ್ತು. ಕಳಿಸೋಕೆ ನಂಗೆ ಮನಸ್ಸಿರ್ಲಿಲ್ಲ. ಆಯ್ತಾ? ಹೇಳಿಸ್ಕೊಂಡ್ರಾ? ಇನ್ನು ನಡೀರಿ." ಅಮ್ಮ ಇಷ್ಟು ಹೇಳುವ ಹೊತ್ತಿಗೆ ಅವಳ ದನಿ ಎಲ್ಲೋ ಸ್ವಲ್ಪ ಅಲುಗಿತು. ಹುಟ್ಟಿದಾಗಿನಿಂದ ಅವಳ ದನಿ ಕೇಳಿರುವ ನನಗೆ ಅದು ಹೊಸದು.

ಯಾರೂ ನಡೆಯಲಿಲ್ಲ. ಮುದ್ದುರಾಜ ಮತ್ತೆ ಕುರ್ಚಿಯಲ್ಲಿ ಕೂತ. ಕಂಪ್ಯೂಟರಿನಲ್ಲಿ ಅಮ್ಮನ ಹೆಬ್ಬೆರಳಿನ ಸುತ್ತ ಗೆರೆ ಎಳೆದು, ಅದನ್ನು ತೆಗೆದು, ಆ ಜಾಗಕ್ಕೆ ಹೊಸ್ತಿಲಿನ ಕಲ್ಲು ತುಂಬಲು ಶುರುಮಾಡಿದ. ನಾನು ಅವನ ಭುಜ ಹಿಡಿದೆ. "ಬೇಡ ಕಣೋ, ಇದ್ದ ಹಾಗೇ ಇರ್ಲಿ. ಯಾರಿಗೂ ಏನೂ ಹೇಳೋದು ಬೇಡ."

"ಎಲ್ರೂ ನೋಡಿಯಾಯ್ತಲ್ಲ," ಎಂದ. "ಅವರಿಗೋಸ್ಕರ ಅಲ್ಲ ಕಣೆ. ಇಷ್ಟು ದಿನ ನಾನು ಆ ಕುರ್ಚಿಲಿ ಕೂತು ಜಗಳ ಆಡಿದ್ದೀನಲ್ಲ, ಆ ಹಕ್ಕು ನಂಗಿತ್ತೋ ಇಲ್ವೋ ತಿಳ್ಕೋಬೇಕು." ಹೊಸ್ತಿಲು ಕೂದಲೆಳೆಯಷ್ಟೂ ಅಂಚು ಕಾಣದ ಹಾಗೆ ಕೂಡಿಕೊಂಡಿತು. ವಿಡಿಯೋವನ್ನು ಮನೆಯ ನೆಟ್‌ವರ್ಕಿಗೆ ಹಾಕಿದ. ಎಲ್ಲರೂ ಅಂಗಡಿಯಿಂದ ನಡುಮನೆಗೆ ಬಂದೆವು. ಚಾಪೆ ಹಾಸಲು ಯಾರಿಗೂ ನೆನಪಾಗಲಿಲ್ಲ, ನೆಲದ ಮೇಲೇ ಕೂತರು. ಅಮ್ಮ ಕೂರಲಿಲ್ಲ.

ಅವನು ಗುಂಡಿ ಒತ್ತಿದ. ಚಕ್ರ ತಿರುಗತೊಡಗಿತು. ಬೀದಿಯವರ ಬಾಯಲ್ಲಿ ಕರೆಂಟು ಎನ್ನುವ ಮಾತು ತಯಾರಾಗಿ ಕೂತಿರುವುದು ನನಗೆ ಕಾಣುತ್ತಿತ್ತು. ಬೇರೆ ಮನೆ ಎಲ್ಲಿ ಹುಡುಕುವುದು, ಹಸಿರು ಬಟ್ಟೆಯನ್ನು ಅಲ್ಲಿ ಎಲ್ಲಿ ತೂಗುಹಾಕುವುದು, ಅಮ್ಮ ಸಂಜೆ ಯಾರ ಹತ್ತಿರ ಕುಸ್ತಿ ಆಡುತ್ತಾಳೆ ಎಂದೆಲ್ಲ ನನ್ನ ತಲೆ ಓಡುತ್ತಿತ್ತು. ಮುದ್ದುರಾಜ ಗೋಡೆಗೆ ಒರಗಿ, ನೆಂಟರ ಮನೆಗೆ ಬಂದವನ ಹಾಗೆ ಎರಡೂ ಕೈ ಕಟ್ಟಿಕೊಂಡು ನಿಂತುಬಿಟ್ಟಿದ್ದ. ಅದನ್ನು ನೋಡಲಾಗದೆ ನಾನು ಪರದೆಯ ಕಡೆಗೇ ಕಣ್ಣು ನೆಟ್ಟೆ.

ಚಕ್ರ ನಿಂತಿತು. ಒಗೆಯುವ ಕಲ್ಲಿನ ಮೇಲೆ ಕೂತ ಮುದ್ದುರಾಜ ಮುರಿದ ಕಡ್ಡಿಗೆ ತಂತಿ ಸುತ್ತತೊಡಗಿದ. ಹೊಸ್ತಿಲು ಖಾಲಿಯಿತ್ತು. ಚಿತ್ರದಲ್ಲಿ ಅವನನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಅವನು ಹೊಲಿದ, ಬಿಚ್ಚಿದ, ಮಡಚಿದ, ಒಂದು ಕಡೆಯೂ ತಡವರಿಸದೆ ಕೊನೆಯವರೆಗೂ ಓಡಿದ.

ಆಮೇಲೆ ದಾಕ್ಷಾಯಣಮ್ಮ, "ಹಾಗಾದ್ರೆ ಅವತ್ತೂ ಇವನೇ ಓಡಿದ್ದೇನೋ. ಕಾಲು ಸುಮ್ನೆ ಇತ್ತೇನೋ," ಎಂದಳು. ಇರಬಹುದು. ಅವತ್ತೇ ಅವನು ಮನೆಯವನಾಗಿದ್ದನೋ, ಮಿಡಿಯ ಜಾಡಿ ಬಚ್ಚಿಟ್ಟ ದಿನ ಆದನೋ, ಸಾರು ಉಪ್ಪು ಎಂದ ದಿನ ಆದನೋ, ಪೆಟ್ಟಿಗೆ ಹೇಳುವುದಿಲ್ಲ. ನಾನೂ ಕೇಳಲಿಲ್ಲ. ಜನ ಅವನ ಬೆನ್ನು ತಟ್ಟಿದರು, ಚಿರೋಟಿ ಇಲ್ಲವೆಂದು ಬೇಸರಪಟ್ಟರು, ಮೆಲ್ಲಗೆ ಕರಗಿದರು. ದಾಕ್ಷಾಯಣಮ್ಮ ತನ್ನ ಮುರಿದ ಕೊಡೆಯನ್ನು ನಮ್ಮಲ್ಲೇ ಬಿಟ್ಟು, "ನೀನೇ ಮಾಡಿಬಿಡಪ್ಪ," ಎಂದು ಹೋದಳು.

ಅಮ್ಮ ಮಾತ್ರ ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳು ಒಂದಕ್ಕೊಂದು ಬಡಿದಾಡುತ್ತಿದ್ದವು. ಮುದ್ದುರಾಜ ಕಣ್ಣು ಒರೆಸಿಕೊಂಡು ಹೋಗಿ ಬಾಗಿಲಲ್ಲಿ ನಿಂತ. ನಾನು ಅವನ ಹಿಂದೆ.

"ಅತ್ತೆ, ಓಡ್ತಲ್ಲ! ಇನ್ನೂ ಯಾಕೆ ಮುಖ ಊದಿಸ್ಕೊಂಡಿದ್ದೀರಾ?"

"ಓಡ್ತಪ್ಪ, ಓಡ್ತು. ಭಾಳ ಸಂತೋಷ." ಅಮ್ಮ ತಪ್ಪಲೆಯನ್ನು ಉಜ್ಜಿದ ರೀತಿಗೆ ಅದರ ತಳವೇ ಹೋಗಬೇಕಿತ್ತು. "ಅಷ್ಟ್ ಜನರ ಮುಂದೆ ನನ್ ಕಾಲು ತೆಗೆದು ಬಿಸಾಕ್ದೆಯಲ್ಲ, ಅದನ್ ಕೇಳೋರು ಯಾರು? ಅವತ್ತು ಒಂದೇ ಕಾಲಲ್ಲಿ, ಉಸಿರು ಬಿಗಿಹಿಡ್ಕೊಂಡು, ನೀನು ಹೊಲಿಗೆ ಮುಗಿಸೋವರೆಗೂ ನಿಂತಿದ್ದೆ. ಸೊಂಟ ಹಿಡ್ಕೊಂಡು ವಾರ ಎಣ್ಣೆ ಹಚ್ಚಿದ್ದೀನಿ. ಈಗ ನಾನು ಬೇಡವಾದ್ನಾ?"

ಮುದ್ದುರಾಜ ನನ್ನ ಮುಖ ನೋಡಿದ. ಆಮೇಲೆ ನಗಲು ಶುರುಮಾಡಿದ, ನಗುತ್ತಲೇ ಮತ್ತೆ ಅತ್ತ. ಅಮ್ಮನ ಕೈಯಿಂದ ತಪ್ಪಲೆ ಕಿತ್ತಿಟ್ಟು, ಅವಳ ಮುಂಗೈ ಹಿಡಿದು, ಬಿಡೋ ಬಿಡೋ ಎನ್ನುತ್ತಿದ್ದವಳನ್ನು ಅಂಗಡಿಗೆ ಎಳೆದುಕೊಂಡು ಬಂದ. ನಾನು ಕ್ಯಾಮೆರಾ ಹಾಕಿದೆ. ಅಮ್ಮ ಹಸಿರು ಬಟ್ಟೆಯ ಹಿಂದೆ ಹೋಗಿ ಮರೆಯಾಗಿ ನಿಂತು, ಅಂಚಿನಿಂದ ಆ ಸೊಟ್ಟ ಹೆಬ್ಬೆರಳನ್ನಷ್ಟೇ ಹೊರಗಿಟ್ಟಳು. "ಇಷ್ಟು ಸಾಕು. ಬೇಗ ತೆಗೀ."

"ಬೆರಳು ಬೇಡ ಅತ್ತೆ," ಎಂದ ಮುದ್ದುರಾಜ. "ಪೂರ್ತಿ ಬನ್ನಿ."

ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಪೂರ್ತಿ ಬಂದಳು.